ಅಣ್ಣನ ರಿಸೆಪ್ಷನ್ ಸೂಟು ಸಂದರ್ಶನಕ್ಕೆ ಆಗುತ್ತದೆಯೇ?

ಪ್ರಶ್ನೆ: ಸರ್, ನಾನು ಹಾವೇರಿ ಕಡೆಯವನು. ಎಂಬಿಎ ಕೊನೆಯ ವರ್ಷ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಒಂದು ಹಣಕಾಸು ಕಂಪನಿಯ ಇಂಟರ್‌ವ್ಯೂ ಇದೆ. ‘ಬಿಸಿನೆಸ್ ಫಾರ್ಮಲ್‌ನಲ್ಲಿ ಬನ್ನಿ’ ಅಂತ ತಿಳಿಸಿದ್ದಾರೆ. ಅಣ್ಣನ ರಿಸೆಪ್ಷನ್‌ಗೆ ಹೊಲಿಸಿದ ಸೂಟು ಮನೆಯಲ್ಲಿದೆ, ಅದನ್ನೇ ಹಾಕಿಕೊಂಡು ಹೋಗು ಅಂತಾರೆ ಮನೆಯವರು. ಹೋಗಬಹುದಾ, ಹೊಸದೇ ತಗೋಬೇಕಾ? ಶೂ, ಸಾಕ್ಸ್ ಎಂಥದ್ದಿರಬೇಕು?

ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಶುರುವಾಗುವ ಹೊತ್ತಿಗೆ ಈ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತದೆ. ಕೆಲವರ ಬಳಿ ಅಣ್ಣನ ಸೂಟು ಇರುತ್ತದೆ, ಕೆಲವರ ಬಳಿ ಮಾವನದು, ಇನ್ನು ಕೆಲವರಿಗೆ ರೂಮ್‌ಮೇಟ್ ಕೊಡುತ್ತೇನೆ ಅಂದಿರುತ್ತಾನೆ. ಯಾರದಾದರೂ ಆಗಲಿ, ನೋಡಬೇಕಾದ್ದು ಎರಡೇ. ಅದರ ಭುಜ ನಿಮ್ಮ ಭುಜಕ್ಕೆ ಕೂರಬೇಕು, ಬಟ್ಟೆ ಮಿನುಗಬಾರದು. ಎರಡೂ ಸರಿಯಿದ್ದರೆ ಧೈರ್ಯವಾಗಿ ಹಾಕಿಕೊಂಡು ಹೋಗಿ. ಉಳಿದ ದುಡ್ಡನ್ನು ಶೂಗೆ ಹಾಕಿ. ಕೈಯಲ್ಲಿರುವುದು ಕಡಿಮೆಯಾದಷ್ಟೂ ಅದು ಮೊದಲು ಕಾಲಿಗೇ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೋಟನ್ನು ಒಂದು ದಿನಕ್ಕೆ ಕೇಳಿ ತರಬಹುದು. ಇನ್ನೊಬ್ಬರ ಶೂ ಅವರ ಪಾದದ ಆಕಾರಕ್ಕೆ ಬಗ್ಗಿರುತ್ತದೆ, ಅದು ನಿಮ್ಮ ನಡಿಗೆಯನ್ನೇ ಕೆಡಿಸುತ್ತದೆ. ಅಲ್ಲದೆ ಕೆಲಸ ಸಿಕ್ಕ ಮೇಲೆ ಸೂಟು ಬೀರು ಸೇರುತ್ತದೆ, ಶೂ ದಿನಾ ಬೇಕಾಗುತ್ತದೆ.

ನಿಮಗೆ ಸೂಟು ಬೇಕು, ಅದರಲ್ಲಿ ಅನುಮಾನವಿಲ್ಲ. ‘ಬಿಸಿನೆಸ್ ಫಾರ್ಮಲ್’ ಅಂದರೆ ಕೋಟು, ಅದೇ ಬಟ್ಟೆಯ ಪ್ಯಾಂಟು, ಟೈ. ‘ಬಿಸಿನೆಸ್ ಕ್ಯಾಶುವಲ್’ ಅಂದಿದ್ದರೆ ತುಂಬುತೋಳಿನ ಅಂಗಿ, ಪ್ಯಾಂಟು, ಲೆದರ್ ಶೂ ಸಾಕಿತ್ತು, ಟೈ ಕೂಡ ಬೇಡ. ಬ್ಯಾಂಕಿಂಗ್, ಕನ್ಸಲ್ಟಿಂಗ್, ಆಡಿಟ್, ದೊಡ್ಡ ಹೋಟೆಲುಗಳ ಸಂದರ್ಶನಕ್ಕೆ ಸೂಟು ವಾಡಿಕೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೆಚ್ಚಿನ ಕಡೆ ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು ಧಾರಾಳವಾಯಿತು. ಅಲ್ಲಿಗೆ ಸಾಲ ಮಾಡಿ ಸೂಟು ಹೊಲಿಸುವುದು ಬೇಡ. ಯುಪಿಎಸ್‌ಸಿ ಬರೆಯುವ ಗೆಳೆಯರಿಗೂ ಒಂದು ಮಾತು. 275 ಅಂಕಗಳ ಆ ಸಂದರ್ಶನ ದೆಹಲಿಯ ಧೋಲ್ಪುರ ಹೌಸ್‌ನಲ್ಲಿ ನಡೆಯುತ್ತದೆ. ಜನವರಿಯ ಚಳಿಯಲ್ಲಿ ಕರೆ ಬಂದರೆ ಸೂಟೋ ಕತ್ತಿನವರೆಗೆ ಗುಂಡಿ ಹಾಕುವ ಬಂದ್‌ಗಲಾ ಕೋಟೋ ಸಹಜ. ಏಪ್ರಿಲ್ ಬಿಸಿಲಿಗೆ ಬಂದರೆ ತಿಳಿಬಣ್ಣದ ಅಂಗಿಯ ಮೇಲೊಂದು ಟೈ ಇದ್ದರಾಯಿತು.

ಈಗ ಅಣ್ಣನ ಸೂಟನ್ನು ಬೆಳಕಿಗೆ ಹಿಡಿದು ನೋಡಿ. ರಿಸೆಪ್ಷನ್ ಸೂಟನ್ನು ವೇದಿಕೆಯ ದೀಪಕ್ಕೆಂದೇ ಹೊಲಿಸಿರುತ್ತಾರೆ. ಬಟ್ಟೆಯಲ್ಲಿ ಮಿಂಚಿನ ಎಳೆ ಇರಬಹುದು, ಎದೆಯ ಮಡಿಕೆಗೆ ಸ್ಯಾಟಿನ್ ಪಟ್ಟಿ ಇರಬಹುದು, ಬಣ್ಣ ಮರೂನ್ ಇರಬಹುದು. ಇವುಗಳಲ್ಲಿ ಒಂದಿದ್ದರೂ ಅದು ಸಂದರ್ಶನದ ಕೋಣೆಗೆ ಹೊಂದುವುದಿಲ್ಲ, ಎಷ್ಟೇ ಬೆಲೆಯದ್ದಾದರೂ ಸರಿ. ಸಾದಾ ಕಡುನೀಲಿಯೋ ಇದ್ದಿಲು ಬೂದಿಯೋ ಆಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕಪ್ಪನ್ನು ನಮ್ಮಲ್ಲಿ ಯಾರೂ ತಪ್ಪೆಂದು ಎಣಿಸುವುದಿಲ್ಲ, ಇದ್ದರೆ ಹಾಕಿಕೊಳ್ಳಿ. ಹೊಸದಾಗಿ ಕೊಳ್ಳುವಾಗ ಮಾತ್ರ ಕಪ್ಪು ಬೇಡ ಅನ್ನುತ್ತೇನೆ. ಹಗಲು ಬೆಳಕಿನಲ್ಲಿ ಅದು ಮುಖವನ್ನು ಮಂಕಾಗಿಸುತ್ತದೆ, ಬಿಳಿ ಅಂಗಿಯ ಮೇಲೆ ಹಾಕಿದರೆ ಕೋರ್ಟಿನ ಆವರಣವೇ ನೆನಪಾಗುತ್ತದೆ.

ಬಣ್ಣ ಪಾಸಾದರೆ ಭುಜ ನೋಡಿ. ಕೋಟು ಹಾಕಿಕೊಂಡು ಗೋಡೆಗೆ ಪಕ್ಕವಾಗಿ ನಿಂತು ಮೆಲ್ಲಗೆ ವಾಲಿ. ನಿಮ್ಮ ತೋಳಿಗಿಂತ ಮೊದಲು ಕೋಟಿನ ಪ್ಯಾಡ್ ಗೋಡೆಗೆ ತಾಗಿ ತಗ್ಗು ಬಿದ್ದರೆ ಅದು ನಿಮಗೆ ದೊಡ್ಡದು. ತೋಳಿನ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಭುಜವನ್ನು ಸರಿಮಾಡುವುದೆಂದರೆ ತೋಳು, ಪ್ಯಾಡ್, ಲೈನಿಂಗ್ ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಒಳ್ಳೆಯ ಟೈಲರ್‌ಗಳೇ ಅದಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ. ಕೋಟಿನ ಉದ್ದವನ್ನೂ ಮುಟ್ಟುವ ಹಾಗಿಲ್ಲ. ಮೊಟಕು ಮಾಡಿದರೆ ಜೇಬುಗಳು ಅಂಚಿಗೆ ಬಂದು ಕೂರುತ್ತವೆ. ಆದರೆ ಸೊಂಟ ಹಿಡಿಸುವುದು, ತೋಳಿನ ಉದ್ದ ಇಳಿಸುವುದು, ಪ್ಯಾಂಟಿನ ಸೊಂಟವನ್ನು ಒಂದು ಇಂಚು ಆಚೀಚೆ ಮಾಡುವುದು, ಕಾಲಿನ ಉದ್ದ ಸರಿಪಡಿಸುವುದು ಇವೆಲ್ಲ ಸುಲಭದ ಕೆಲಸ. ಬಿಗಿಯಾದದ್ದನ್ನು ಸಡಿಲಿಸಲು ಮಾತ್ರ ಹೊಲಿಗೆಯೊಳಗೆ ಬಟ್ಟೆ ಉಳಿದಿರಬೇಕು. ಒಳಗಿನಿಂದ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ.

ಮೇಲಿನ ಗುಂಡಿ ಹಾಕಿ ಕನ್ನಡಿ ಮುಂದೆ ನಿಲ್ಲಿ. ಗುಂಡಿಯ ಸುತ್ತ ಅಡ್ಡಗೆರೆಗಳು ಎಳೆದುಕೊಂಡರೆ ಬಿಗಿ. ಹಿಂದೆ ಕೋಟಿನ ಕಾಲರ್ ಅಂಗಿಯ ಕಾಲರ್‌ಗೆ ಅಂಟಿಕೊಂಡಿರಬೇಕು, ನಡುವೆ ಬೆರಳು ತೂರುವಷ್ಟು ಸಂದು ಇರಬಾರದು. ಕೈ ಇಳಿಬಿಟ್ಟಾಗ ಅಂಗಿಯ ಕಫ್ ಅರ್ಧ ಇಂಚು ಹೊರಗೆ ಕಂಡರೆ ತೋಳು ಸರಿಯಿದೆ. ಎರಡು ಗುಂಡಿಯ ಕೋಟಿಗೆ ಕೆಳಗಿನ ಗುಂಡಿಯನ್ನು ಯಾವತ್ತೂ ಹಾಕುವುದಿಲ್ಲ. ಕೂರುವಾಗ ಮೇಲಿನದನ್ನೂ ಬಿಚ್ಚಬೇಕು.

ಪ್ಯಾಂಟು ಏನು ಮಾಡಿದರೂ ಆಗುವುದಿಲ್ಲ, ಕೋಟು ಮಾತ್ರ ಕೂರುತ್ತದೆ ಅಂದರೆ ಆ ಕೋಟಿಗೆ ‘ಸುಮಾರು ಅದೇ ಬಣ್ಣದ’ ಬೇರೆ ಪ್ಯಾಂಟು ಹುಡುಕಬೇಡಿ. ಎರಡು ಕಡುನೀಲಿಗಳು ಹಗಲಲ್ಲಿ ಒಂದೇ ಆಗಿ ಕಾಣುವುದಿಲ್ಲ. ಕಡುನೀಲಿ ಕೋಟಿಗೆ ಬೂದು ಪ್ಯಾಂಟು ಹಾಕಿ, ಬೇಕೆಂದೇ ಜೋಡಿಸಿದ ಬ್ಲೇಜರ್ ಹಾಗೆ ಕಾಣುತ್ತದೆ. ಸೂಟಿಗಿಂತ ಅರ್ಧ ಮೆಟ್ಟಿಲು ಕೆಳಗೆ ನಿಜ, ಆದರೆ ಮರ್ಯಾದೆಯ ಉಡುಪೇ.

ಹೊಸದು ಹೊಲಿಸುವುದಾದರೆ ಇನ್ನು ತಡಮಾಡಬೇಡಿ. ಮದುವೆ ಸೀಜನ್ನಿನಲ್ಲಿ ಟೈಲರ್‌ಗಳು ಹೇಳಿದ ದಿನಕ್ಕೆ ಕೊಡುವುದು ಕಷ್ಟ, ಟ್ರಯಲ್ ಇಲ್ಲದೆ ಹೊಲಿದ ಸೂಟು ನಂಬಿಕೆಗೆ ಬರುವುದಿಲ್ಲ. ಹುಬ್ಬಳ್ಳಿಯ ದಾಜಿಬಾನ ಪೇಟೆ ನಿಮಗೆ ಹತ್ತಿರ, ಬೆಂಗಳೂರಾದರೆ ಚಿಕ್ಕಪೇಟೆ. 58 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆ ಸಾಧಾರಣ ಮೈಕಟ್ಟಿಗೆ ಮೂರರಿಂದ ಮೂರೂಕಾಲು ಮೀಟರ್ ಬೇಕು. ಪಾಲಿಯೆಸ್ಟರ್-ವಿಸ್ಕೋಸ್ ಅಗ್ಗ, ಸುಕ್ಕಾಗುವುದು ಕಡಿಮೆ, ಆದರೆ ಸೆಖೆಯಾಗುತ್ತದೆ. ಉಣ್ಣೆ ಬೆರೆತ ಟೆರಿವೂಲ್ ಇನ್ನೂ ಚೆನ್ನಾಗಿ ಇಳಿಬೀಳುತ್ತದೆ. ಅಂಗಡಿಯವರು ‘ಸೂಪರ್ 120’ ಅಂತೆಲ್ಲ ತೋರಿಸುತ್ತಾರೆ. ಆ ಸಂಖ್ಯೆ ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವುದರ ಅಳತೆ. ಸೂಪರ್ 100 ಅಂದರೆ ಎಳೆಯ ದಪ್ಪ 18.75 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮೀರಬಾರದು. ಪಾಲಿಯೆಸ್ಟರ್ ತುಂಬಿದ ಬಟ್ಟೆಯ ಅಂಚಿನಲ್ಲಿ ಅದನ್ನು ಮುದ್ರಿಸಿದ್ದರೆ ಅದಕ್ಕೆ ಬೆಲೆ ಕೊಡಬೇಡಿ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ, ಬಾಗಿಲ ಬಳಿ ಹೋಗಿ ಹೊಳಪು ನೋಡಿ. ಟ್ರಯಲ್‌ಗೆ ಹೋಗುವಾಗ ಸಂದರ್ಶನಕ್ಕೆ ಹಾಕುವ ಅಂಗಿಯನ್ನೂ ಶೂವನ್ನೂ ಹಾಕಿಕೊಂಡೇ ಹೋಗಿ. ಚಪ್ಪಲಿಯಲ್ಲಿ ನಿಂತು ಕೊಟ್ಟ ಪ್ಯಾಂಟಿನ ಉದ್ದ ಶೂ ಹಾಕಿದಾಗ ಬೇರೆಯೇ ಆಗುತ್ತದೆ.

ರೆಡಿಮೇಡ್ ತಂದರೆ ಮನೆಯಲ್ಲಿ ಮಾಡಬೇಕಾದ ಕೆಲಸವೊಂದಿದೆ. ಕೋಟಿನ ಹಿಂದಿನ ಸೀಳನ್ನು ದೊಡ್ಡ ಗುಣಾಕಾರದ ಚಿಹ್ನೆಯಂಥ ದಾರದಿಂದ ಹಿಡಿದಿರುತ್ತಾರೆ, ತೋಳಿನ ಮೇಲೆ ಬ್ರ್ಯಾಂಡಿನ ಚೀಟಿ ಹೊಲಿದಿರುತ್ತಾರೆ. ಇವು ಅಂಗಡಿಯಲ್ಲಿ ಇರಬೇಕಾದವು. ಸಣ್ಣ ಕತ್ತರಿಯಲ್ಲಿ ಎರಡನ್ನೂ ತೆಗೆಯಿರಿ. ಎಷ್ಟೋ ಹುಡುಗರು ಅವನ್ನು ಹಾಗೇ ಇಟ್ಟುಕೊಂಡು ಸಂದರ್ಶನಕ್ಕೆ ಕೂತಿರುವುದನ್ನು ನೋಡಿ ಸಂಕಟವಾಗಿದೆ. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಇಸ್ತ್ರಿಯನ್ನು ನೇರವಾಗಿ ಕೋಟಿನ ಮೇಲೆ ಇಡಬೇಡಿ, ಬಟ್ಟೆ ಪಳಪಳ ಹೊಳೆಯತೊಡಗುತ್ತದೆ. ಮೇಲೊಂದು ಒದ್ದೆ ಬಿಳಿ ಬಟ್ಟೆ ಹಾಸಿ ಒತ್ತಿ.

ಅಂಗಿ ಬಿಳಿ ಅಥವಾ ತಿಳಿನೀಲಿ, ಹತ್ತಿಯದು. ಕಾಲರ್ ಗುಂಡಿ ಹಾಕಿದ ಮೇಲೆ ಎರಡು ಬೆರಳು ಹೋಗುವಷ್ಟು ಜಾಗವಿರಲಿ. ಟೈ ಕಡುಬಣ್ಣದ್ದು, ಅದರ ತುದಿ ಬೆಲ್ಟಿನ ಬಕಲ್‌ಗೆ ಬಂದು ನಿಲ್ಲಬೇಕು.

ಶೂ ವಿಷಯಕ್ಕೆ ಬರೋಣ. ಒಂದೇ ಜೊತೆ ಕೊಳ್ಳುವವರಿಗೆ ಕಪ್ಪು, ಲೇಸ್ ಇರುವ, ಸಾದಾ ಲೆದರ್ ಶೂ. ಅದು ನೀಲಿಗೂ ಬೂದಿಗೂ ಕಪ್ಪಿಗೂ ಆಗುತ್ತದೆ. ಕಡು ಕಂದು ಬಣ್ಣ ನೀಲಿ ಸೂಟಿಗೆ ಚಂದವೇ, ಎರಡನೇ ಜೊತೆಗೆ ಇಟ್ಟುಕೊಳ್ಳಿ. ಬೆಲ್ಟು ಶೂ ಬಣ್ಣದ್ದೇ ಆಗಿರಬೇಕು. ಅಂಗಡಿಯಲ್ಲಿ ಎರಡು ಹೆಸರು ಕೇಳುತ್ತೀರಿ, ಆಕ್ಸ್‌ಫರ್ಡ್ ಮತ್ತು ಡರ್ಬಿ. ಲೇಸ್ ಕಟ್ಟುವ ಎರಡು ಪಟ್ಟಿಗಳು ಮುಂಭಾಗದ ಚರ್ಮದ ಅಡಿಗೆ ಹೋಗಿ ಮುಚ್ಚಿಕೊಂಡಿದ್ದರೆ ಆಕ್ಸ್‌ಫರ್ಡ್, ಮೇಲೆ ಬಂದು ರೆಕ್ಕೆಯ ಹಾಗೆ ಬಿಚ್ಚಿಕೊಂಡರೆ ಡರ್ಬಿ. ಆಕ್ಸ್‌ಫರ್ಡ್ ಹೆಚ್ಚು ಫಾರ್ಮಲ್ ಅನ್ನುತ್ತಾರೆ, ಸರಿಯೇ. ಆದರೆ ನಾನು ನಿಮಗೆ ಡರ್ಬಿಯನ್ನೇ ಹೇಳುತ್ತೇನೆ. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಪಾದ ಬೆರಳುಗಳ ಕಡೆ ಅಗಲವಾಗಿರುತ್ತದೆ. ಡರ್ಬಿಯ ಬಾಯಿ ಅಗಲವಾಗಿ ಬಿಚ್ಚಿಕೊಳ್ಳುವುದರಿಂದ ಅಂಥ ಪಾದ ಹಿಂಸೆಯಿಲ್ಲದೆ ಕೂರುತ್ತದೆ. ಸಂದರ್ಶನ ಮಾಡುವವರು ಲೇಸಿನ ಪಟ್ಟಿ ಎಲ್ಲಿ ಹೊಲಿದಿದೆ ಎಂದು ನೋಡುವುದಿಲ್ಲ, ನೀವು ಕುಂಟುತ್ತಾ ಬಂದರೆ ನೋಡುತ್ತಾರೆ. ಚೂಪು ಮೂತಿಯದು, ದೊಡ್ಡ ಲೋಹದ ಬಕಲ್ ಇರುವುದು, ಸ್ಪೋರ್ಟ್ಸ್ ಶೂ ಥರದ ಬಿಳಿ ಸೋಲ್ ಇರುವುದು ಬೇಡ.

ಶೂ ಕೊಳ್ಳಲು ಸಂಜೆ ಹೋಗಿ, ಇಡೀ ದಿನ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಸಂದರ್ಶನಕ್ಕೆ ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ನಮ್ಮ ರಾಜ್ಯದ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮದ ಲಿಡ್ಕರ್ ಮಳಿಗೆಗಳಲ್ಲಿ ಅಪ್ಪಟ ಚರ್ಮದ ಶೂ ಸಿಗುತ್ತವೆ, ಹೆಚ್ಚು ಜನ ಅತ್ತ ತಿರುಗಿ ನೋಡುವುದಿಲ್ಲ ಎನ್ನುವುದು ನನಗೆ ಬೇಸರದ ಸಂಗತಿ. ಬೆಂಗಳೂರು-ಚೆನ್ನೈ ಹೆದ್ದಾರಿಯಲ್ಲಿ ಹೋಗುವವರಿಗೆ ಆಂಬೂರು ಗೊತ್ತಿರಬೇಕು, ಊರಿಗೆ ಊರೇ ಚರ್ಮದ ಶೂ ಮಾಡುವ ಕೆಲಸದಲ್ಲಿದೆ. ರೆಕ್ಸಿನ್ ಶೂ ಅಗ್ಗ, ಆದರೆ ಬೆರಳು ಮಡಚುವ ಜಾಗದಲ್ಲಿ ಬೇಗ ಸಿಪ್ಪೆ ಏಳುತ್ತದೆ, ಒಳಗೆ ಬೆವರು ಆರುವುದಿಲ್ಲ.

ಈಗ ಒಂದು ಎಚ್ಚರಿಕೆ. ಅಣ್ಣನ ಮದುವೆಯ ಶೂ ಕೂಡ ಪೆಟ್ಟಿಗೆಯಲ್ಲಿ ಹೊಸದರ ಹಾಗೇ ಇದೆ ಎಂದು ನೀವು ಅದನ್ನೇ ಕಾಲಿಗೇರಿಸಿಕೊಂಡು ಹೊರಡಬಹುದು. ದಯವಿಟ್ಟು ಬೇಡ. ಹಗುರ ಫಾರ್ಮಲ್ ಶೂಗಳಲ್ಲಿ ಅನೇಕಕ್ಕೆ ಪಾಲಿಯೂರಿಥೇನ್ ಸೋಲ್ ಇರುತ್ತದೆ. ಅದು ಗಾಳಿಯ ತೇವಾಂಶ ಹೀರಿ ಒಳಗೊಳಗೇ ಶಿಥಿಲವಾಗುತ್ತದೆ. ಹಾಕದೆ ನಾಲ್ಕೈದು ವರ್ಷ ಮುಚ್ಚಿಟ್ಟರೆ ಮೇಲಿನ ಚರ್ಮ ಹೊಳೆಯುತ್ತಿದ್ದರೂ ಹತ್ತು ಹೆಜ್ಜೆಗೆ ಸೋಲ್ ಪುಡಿಪುಡಿಯಾಗಿ ಉದುರಬಹುದು. ಕರಾವಳಿ, ಮಲೆನಾಡಿನವರಿಗೆ ಇದು ಇನ್ನೂ ಬೇಗ ಆಗುತ್ತದೆ. ಹಳೆಯ ಶೂ ಹಾಕಲೇಬೇಕಿದ್ದರೆ ವಾರಕ್ಕೆ ಮುಂಚೆ ತೆಗೆದು, ಸೋಲನ್ನು ಉಗುರಿನಿಂದ ಒತ್ತಿ, ಬಗ್ಗಿಸಿ, ಬೀದಿಯಲ್ಲಿ ಅರ್ಧ ಗಂಟೆ ನಡೆದು ನೋಡಿ. ಹೊಸ ಶೂವನ್ನೂ ಹಾಗೆಯೇ ಒಂದು ವಾರ ಮನೆಯಲ್ಲಿ ಪಳಗಿಸಿ. ಹಿಮ್ಮಡಿ ಕಚ್ಚುವುದು ಮೊದಲ ದಿನಗಳಲ್ಲೇ.

ಪಾಲಿಶ್ ಹಿಂದಿನ ರಾತ್ರಿ ಮಾಡಿ. ದ್ರವದ ಪಾಲಿಶ್ ಬೇಡ, ಡಬ್ಬಿಯ ಮೇಣದ ಪಾಲಿಶ್ ತಂದು ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಷ್‌ನಿಂದ ತಿಕ್ಕಿ, ಕೊನೆಗೆ ಹಳೆಯ ಬನಿಯನ್ ತುಂಡಿನಲ್ಲಿ ಒರೆಸಿ. ಹಿಮ್ಮಡಿಯ ಹಿಂಭಾಗ, ಸೋಲಿನ ಅಂಚು ಮರೆಯಬೇಡಿ. ನೀವು ಎದ್ದು ಹೊರಡುವಾಗ ಅವರಿಗೆ ಕಾಣುವುದು ಅದೇ. ಮಳೆಯಲ್ಲಿ ನೆಂದರೆ ಒಳಗೆ ಪತ್ರಿಕೆ ಕಾಗದ ತುರುಕಿ ನೆರಳಲ್ಲಿ ಒಣಗಿಸಿ. ಒಲೆಯ ಬಳಿ ಇಟ್ಟರೆ ಚರ್ಮ ಬಿರಿಯುತ್ತದೆ.

ಸಾಕ್ಸ್ ಬಣ್ಣ ಪ್ಯಾಂಟಿನದನ್ನು ಅನುಸರಿಸಬೇಕು. ನೀಲಿ ಪ್ಯಾಂಟಿಗೆ ಕಡುನೀಲಿ, ಬೂದಿಗೆ ಕಡುಬೂದು. ಸಿಗದಿದ್ದರೆ ಕಪ್ಪು ಎಲ್ಲಕ್ಕೂ ನಡೆಯುತ್ತದೆ. ಬಿಳಿ ಸಾಕ್ಸ್ ಶಾಲೆಗೆ, ಆಟಕ್ಕೆ. ಬಣ್ಣಕ್ಕಿಂತಲೂ ಉದ್ದ ಮುಖ್ಯ. ಕುರ್ಚಿಯಲ್ಲಿ ಕೂತಾಗ ಪ್ಯಾಂಟು ಮೂರ್ನಾಲ್ಕು ಇಂಚು ಮೇಲೇರುತ್ತದೆ, ಆಗ ಕಾಲಿನ ಚರ್ಮ ಕಾಣಬಾರದು. ಮೀನಖಂಡದ ಅರ್ಧಕ್ಕಾದರೂ ಬರುವಂಥದ್ದನ್ನು ತೆಗೆದುಕೊಳ್ಳಿ. ಮಂಡಿಯ ಕೆಳಗಿನವರೆಗೆ ಬಂದರೆ ಜಾರುವ ಭಯವೇ ಇಲ್ಲ. ಹತ್ತಿ ಹೆಚ್ಚಿರಲಿ, ಸ್ವಲ್ಪ ನೈಲಾನ್, ಇಲಾಸ್ಟಿಕ್ ಬೆರೆತಿರಲಿ. ಪೂರ್ತಿ ನೈಲಾನ್ ಆದರೆ ವಾಸನೆ ಬರುತ್ತದೆ, ಎಸಿ ಹಾಕಿ ಮುಚ್ಚಿದ ಕೋಣೆಯಲ್ಲಿ ಅದು ಇನ್ನೂ ಗೊತ್ತಾಗುತ್ತದೆ. ಎರಡು ಜೊತೆ ಕೊಳ್ಳಿ. ಬೆಳಗ್ಗೆ ದೇವಸ್ಥಾನಕ್ಕೆ ಹೋಗಿ ಬರುವವರು ಸಾಕ್ಸ್ ಕೂಡ ಕಳಚಿ ಒಳಗೆ ಹೋಗಿ. ಎಣ್ಣೆ, ಕುಂಕುಮ, ನೀರು ಹತ್ತಿದ ಸಾಕ್ಸ್‌ನಲ್ಲಿ ಇಡೀ ದಿನ ಕೂರುವುದು ಕಷ್ಟ. ಕೈಗೆ ಹತ್ತಿದ ಕುಂಕುಮವನ್ನು ಬಿಳಿ ಕಾಲರ್ ಮುಟ್ಟುವ ಮೊದಲು ಒರೆಸಿಕೊಳ್ಳಿ.

ಹಾವೇರಿಯಿಂದ ರಾತ್ರಿ ಬಸ್ಸಿಗೋ ರೈಲಿಗೋ ಬರುವವರು ಸೂಟು ಹಾಕಿಕೊಂಡು ಬರಬೇಡಿ. ಕೋಟಿನ ಒಂದು ಭುಜವನ್ನು ಒಳಮಗ್ಗುಲು ಹೊರಗೆ ಮಾಡಿ, ಇನ್ನೊಂದನ್ನು ಅದರೊಳಗೆ ತೂರಿಸಿ, ಲೈನಿಂಗ್ ಮೇಲೆ ಬರುವಂತೆ ಉದ್ದಕ್ಕೆ ಮಡಚಿ ಚೀಲದ ಎಲ್ಲಕ್ಕಿಂತ ಮೇಲಿಡಿ. ಬೆಂಗಳೂರಿನಲ್ಲಿ ಇಳಿದುಕೊಂಡ ಕಡೆ ಸ್ನಾನಕ್ಕೆ ಬಿಸಿನೀರು ಬಿಟ್ಟಾಗ ಬಚ್ಚಲಲ್ಲೇ ಹ್ಯಾಂಗರ್‌ಗೆ ತೂಗುಹಾಕಿ, ಹಬೆಗೆ ಸಣ್ಣ ಸುಕ್ಕುಗಳು ಬಿಡುತ್ತವೆ. ಆಟೋದಲ್ಲಿ ಕೋಟು ತೊಡೆಯ ಮೇಲಿರಲಿ, ಕಟ್ಟಡದ ಬಾಗಿಲಲ್ಲಿ ಹಾಕಿಕೊಳ್ಳಿ. ಮೊಬೈಲು, ಪರ್ಸು, ಬೀಗದ ಕೈ ಎಲ್ಲ ಚೀಲದಲ್ಲಿರಲಿ. ಕೋಟಿನ ಒಳಜೇಬಿಗೆ ಒಂದು ಪೆನ್ನು, ಪ್ಯಾಂಟಿನ ಜೇಬಿಗೆ ಒಂದು ಕರ್ಚೀಫು ಸಾಕು.