ಕಂದಾಯ, ಹಸು, ತಕರಾರು: ಒಂದು ಮನೆತನದ ಜಾಡು

1625ರಲ್ಲಿ ವರ್ಜೀನಿಯಾ ವಸಾಹತಿನಲ್ಲಿ ತಲೆ ಎಣಿಸಿದರು. ಯಾವ ತೋಟದಲ್ಲಿ ಯಾರಿದ್ದಾರೆ, ಯಾವ ಹಡಗಿನಲ್ಲಿ ಬಂದವರು ಅಂತ ಬರೆದುಕೊಂಡರು. ಬೆನೆಟ್ ಮನೆತನದ ತಂಬಾಕು ತೋಟದ ಪಟ್ಟಿಯಲ್ಲಿ ಎರಡು ಹೆಸರುಗಳಿವೆ. 'ಆಂಟೋನಿಯೊ, ನೀಗ್ರೊ', 1621ರಲ್ಲಿ 'ಜೇಮ್ಸ್' ಹಡಗಿನಲ್ಲಿ ಬಂದವನು. 'ಮೇರಿ, ನೀಗ್ರೊ ಹೆಂಗಸು', 1622ರಲ್ಲಿ 'ಮಾರ್ಗರೆಟ್ ಅಂಡ್ ಜಾನ್' ಹಡಗಿನಲ್ಲಿ ಬಂದವಳು. ಮನೆತನದ ಹೆಸರಿಲ್ಲ, ಊರಿಲ್ಲ, ಅಪ್ಪ ಅಮ್ಮ ಯಾರು ಅಂತ ಇಲ್ಲ.

1650ರ ಹೊತ್ತಿಗೆ ಚೆಸಪೀಕ್ ಕೊಲ್ಲಿಯ ಪೂರ್ವ ದಡದ ನಾರ್ತಾಂಪ್ಟನ್ ಕೌಂಟಿಯಲ್ಲಿ ಆಂಟನಿ ಜಾನ್ಸನ್, ಮೇರಿ ಜಾನ್ಸನ್ ಎಂಬ ಸ್ವತಂತ್ರ ಕಪ್ಪು ದಂಪತಿ ಕಾಣಿಸುತ್ತಾರೆ. ದನಕರು ಇವೆ, ಜಮೀನಿದೆ, ಬೆಳೆದ ಮಕ್ಕಳಿದ್ದಾರೆ. ಇವರೇ ಅವರಾ?

ಹೌದು ಎಂದು ನೇರವಾಗಿ ಹೇಳುವ ಕಾಗದ ಇಲ್ಲ. ಇರುವುದು ಒಂದು ಕಂದಾಯದ ಆದೇಶ. ಜಾನ್ಸನ್ ಮನೆಗೆ ಬೆಂಕಿ ಬಿದ್ದು ತುಂಬಾ ನಷ್ಟವಾಯಿತು. ಗಂಡ ಹೆಂಡತಿ ಕೋರ್ಟಿಗೆ ಹೋಗಿ ಕಂದಾಯ ಮನ್ನಾ ಮಾಡಿ ಅಂತ ಬೇಡಿಕೊಂಡರು. ಆ ಅರ್ಜಿಯಲ್ಲಿ, ನಾವು ಮೂವತ್ತು ವರ್ಷಕ್ಕೂ ಜಾಸ್ತಿ ವರ್ಜೀನಿಯಾದಲ್ಲಿದ್ದೇವೆ ಎಂದರು. ಅದು 1653ರ ಫೆಬ್ರವರಿ. ಮೂವತ್ತು ವರ್ಷ ಹಿಂದೆ ಎಣಿಸಿ ನೋಡಿ: 1621, 1622ಕ್ಕೆ ಬಂದು ನಿಲ್ಲುತ್ತೀರಿ. ಅಷ್ಟು ಹಿಂದೆ ಬಂದು, ಇನ್ನೂ ಬದುಕಿದ್ದ, ಅದೇ ಹೆಸರುಗಳ ಕಪ್ಪು ಜೋಡಿ ಇನ್ನೊಂದು ಇರುವ ಸಾಧ್ಯತೆ ಬಹಳ ಕಡಿಮೆ. ಇತಿಹಾಸಕಾರರು ಗಂಟು ಹಾಕುವುದು ಇಂಥ ಎಳೆಗಳಿಂದಲೇ.

ಇಲ್ಲಿ ಒಂದು ತೊಡಕು ಇದೆ. ಮೂಲ ಕಡತದಲ್ಲಿರುವ ವರ್ಷ 1652. ಆಗಿನ ಇಂಗ್ಲಿಷ್ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಅವರ 1652ರ ಫೆಬ್ರವರಿ ನಮ್ಮ ಲೆಕ್ಕಕ್ಕೆ 1653ರ ಫೆಬ್ರವರಿ. 1752ರಲ್ಲಿ ಈ ಪದ್ಧತಿ ಬದಲಾಯಿತು. ಇದು ಗೊತ್ತಿಲ್ಲದವರಿಗೆ ಎಪ್ರಿಲ್‌ನಲ್ಲಿ ಉಯಿಲು ಬರೆದವನು ಅದೇ ವರ್ಷದ ಫೆಬ್ರವರಿಯಲ್ಲಿ, ಅಂದರೆ ಎರಡು ತಿಂಗಳು ಮೊದಲೇ, ಸತ್ತಂತೆ ಕಾಣುತ್ತದೆ!

ಆದೇಶ ಏನು ಹೇಳಿತು? ಮೇರಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಜೀವನಪೂರ್ತಿ ಕಂದಾಯ ಬೇಡ. ಹೆಂಗಸರಿಗೆ ತಲೆಗಂದಾಯ ಯಾಕೆ ಬಂತು ಅಂದರೆ, 1643ರ ಕಾನೂನು ಕಪ್ಪು ಹೆಂಗಸರನ್ನೂ ಕಂದಾಯದ ಲೆಕ್ಕಕ್ಕೆ ಸೇರಿಸಿತ್ತು. ಕಂದಾಯದ ವಯಸ್ಸು ಹದಿನಾರು. ಹಾಗಾದರೆ ಆ ಹೆಣ್ಣುಮಕ್ಕಳು 1637ಕ್ಕೆ ಮೊದಲೇ ಹುಟ್ಟಿದವರು ಅನ್ನಬಹುದಾ? ಅವಸರ ಬೇಡ. ವಿನಾಯಿತಿ ಜೀವನಪೂರ್ತಿ ಇದ್ದುದರಿಂದ ಇನ್ನೂ ಹದಿನಾರಾಗದ ಹುಡುಗಿಯೂ ಅದರಲ್ಲಿ ಸೇರಿರಬಹುದು. ಕಾಗದ ಏನು ಹೇಳುತ್ತದೆ, ನಾವು ಏನು ಊಹಿಸುತ್ತಿದ್ದೇವೆ ಎನ್ನುವ ಗೆರೆ ಇಲ್ಲಿ ತುಂಬಾ ಮುಖ್ಯ.

ಇಂಥ ಕಡತಗಳ ಬಗ್ಗೆ ನನಗೆ ಯಾವತ್ತೂ ಬೆರಗು. ಯಾರು ಯಾರಿಗೆ ಏನಾಗಬೇಕು ಅಂತ ಮುಂದಿನವರಿಗೆ ತಿಳಿಸಲು ಆ ಗುಮಾಸ್ತ ಬರೆಯಲಿಲ್ಲ. ಅವನಿಗೆ ಬೇಕಿದ್ದದ್ದು ಕಂದಾಯ, ಸಾಲ, ಗಡಿ ಜಗಳ. ಸಂಬಂಧಗಳು ಅದರ ಜೊತೆಗೆ ತಾವಾಗಿ ಬಂದು ಕೂತಿವೆ. ಅದಕ್ಕೇ ಅವನ್ನು ನಂಬಬಹುದು. ಆ ವಿಷಯದಲ್ಲಿ ಸುಳ್ಳು ಹೇಳಿ ಯಾರಿಗೂ ಲಾಭವಿರಲಿಲ್ಲ.

1655ರ ಒಂದು ತಕರಾರು ನೋಡಿ. ಜಾನ್ಸನ್ ಬಳಿ ಜಾನ್ ಕ್ಯಾಸರ್ ಎಂಬ ಕಪ್ಪು ಆಳು ಇದ್ದ. ನನ್ನ ಕರಾರು ಮುಗಿದು ಏಳು ವರ್ಷವಾಯಿತು, ಬಿಡುತ್ತಿಲ್ಲ ಎಂದು ಅವನ ದೂರು. ಇವನು ಸಾಯುವತನಕ ನನ್ನವನು ಎಂದು ಜಾನ್ಸನ್ ವಾದ. ನೆರೆಯ ಬಿಳಿಯ ಜಮೀನುದಾರರು ಕ್ಯಾಸರ್ ಪರ ನಿಂತರು. ಕೊನೆಗೆ ಕೋರ್ಟು ಜಾನ್ಸನ್ ಪರ ತೀರ್ಪು ಕೊಟ್ಟಿತು. ಕ್ಯಾಸರ್ ಜೀವನಪೂರ್ತಿ ಗುಲಾಮನಾಗಿ ಹಿಂತಿರುಗಬೇಕಾಯಿತು. ಸ್ವತಃ ಗುಲಾಮಗಿರಿ ಕಂಡವನು ಇನ್ನೊಬ್ಬನಿಗೆ ಹೀಗೆ ಮಾಡಿದ ಎಂದು ಓದುವಾಗ ಸಂಕಟವಾಗುತ್ತದೆ. ವಂಶ ಹುಡುಕುವವರು ಇಂಥದ್ದನ್ನೂ ಬಿಡದೆ ಬರೆದುಕೊಳ್ಳಬೇಕು.

ಅದೇ ಮೊಕದ್ದಮೆಯ ಒಂದು ಸಾಕ್ಷಿ ಹೇಳಿಕೆಯಲ್ಲಿ ಒಂದು ಸಾಲಿದೆ. ಹೆಂಡತಿ, ಇಬ್ಬರು ಗಂಡುಮಕ್ಕಳು, 'ಸನ್ ಇನ್ ಲಾ', ಇವರೆಲ್ಲ ಸೇರಿ ಕ್ಯಾಸರ್‌ನನ್ನು ಬಿಡುವಂತೆ ಮುದುಕ ಜಾನ್ಸನ್‌ನನ್ನು ಒಪ್ಪಿಸಿದ್ದರಂತೆ. ಒಂದೇ ಸಾಲಿನಲ್ಲಿ ಇಡೀ ಮನೆಮಂದಿ! ಆದರೆ ಆ ಕಾಲದ ಇಂಗ್ಲಿಷಿನಲ್ಲಿ 'ಸನ್ ಇನ್ ಲಾ' ಅಂದರೆ ಅಳಿಯನೂ ಆಗಬಹುದು, ಮಲಮಗನೂ ಆಗಬಹುದು. 'ಕಸಿನ್' ಅಂತ ಬರೆದದ್ದು ಎಷ್ಟೋ ಸಲ ಅಣ್ಣನ ಮಗನನ್ನು. ಸೀನಿಯರ್, ಜೂನಿಯರ್ ಎಂದರೆ ಅಪ್ಪ ಮಗ ಎಂದೇ ಅಲ್ಲ. ಒಂದೇ ಹೆಸರಿನ ಇಬ್ಬರಲ್ಲಿ ದೊಡ್ಡವನು, ಚಿಕ್ಕವನು ಎಂದಷ್ಟೇ ಇರಬಹುದು. ತಾಯಿ ಬದುಕಿದ್ದರೂ ತಂದೆ ಸತ್ತ ಮಗುವನ್ನು 'ಅನಾಥ' ಎಂದೇ ಬರೆಯುತ್ತಿದ್ದರು.

ಉಯಿಲಿನಲ್ಲೂ ಹೀಗೆಯೇ. ವರ್ಜೀನಿಯಾದಲ್ಲಿ ಉಯಿಲು ಇಲ್ಲದೆ ಸತ್ತರೆ ಜಮೀನೆಲ್ಲ ಹಿರಿಮಗನಿಗೆ ಹೋಗುತ್ತಿತ್ತು. ಹೆಂಡತಿಗೆ ಬದುಕಿರುವಷ್ಟು ದಿನ ಮೂರನೇ ಒಂದು ಭಾಗ. 1785ರ ಕಾನೂನು ಬರುವವರೆಗೆ ಇದೇ ಪದ್ಧತಿ. ಹೇಗೂ ಜಮೀನು ಸಿಗುತ್ತದಲ್ಲ ಅಂತ ಎಷ್ಟೋ ಅಪ್ಪಂದಿರು ಉಯಿಲಿನಲ್ಲಿ ಹಿರಿಮಗನ ಹೆಸರನ್ನೇ ಎತ್ತುವುದಿಲ್ಲ. ಹೆಸರಿಲ್ಲ ಎಂದು ಮಗನೇ ಇರಲಿಲ್ಲ ಅನ್ನುವಂತಿಲ್ಲ. ಅವನು ಸಿಗುವುದು ಇಪ್ಪತ್ತು ವರ್ಷದ ಮೇಲಿನ ಒಂದು ಕ್ರಯಪತ್ರದಲ್ಲಿ, ತಾನು ಎಂದೂ ಕೊಳ್ಳದ ಜಮೀನನ್ನು ಮಾರುವಾಗ.

ಡಿಎನ್ಎ ಪರೀಕ್ಷೆ ಮಾಡಿಸಿದರೆ ಸಾಲದೇ ಎಂದು ಕೇಳಬಹುದು. ಸ್ವಲ್ಪ ದೂರ ಮಾತ್ರ ಅದು ಬರುತ್ತದೆ. ಹತ್ತು ತಲೆಮಾರು ಹಿಂದೆ ನಮಗೆ 1024 ಪೂರ್ವಜರ ಜಾಗಗಳಿವೆ. ಪ್ರತಿ ತಲೆಮಾರಿನಲ್ಲೂ ಡಿಎನ್ಎ ತುಂಡಾಗಿ ಅರ್ಧರ್ಧ ಹಂಚಿಹೋಗುವುದರಿಂದ, ಅವರಲ್ಲಿ ಸುಮಾರು ಅರ್ಧದಷ್ಟು ಜನರದ್ದು ನಮ್ಮ ಮೈಯಲ್ಲಿ ಒಂದು ಚೂರೂ ಉಳಿದಿರುವುದಿಲ್ಲ. ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್ ಹೆಚ್ಚು ದೂರ ಹಿಂದಕ್ಕೆ ಕರೆದೊಯ್ಯುತ್ತದೆ, ಆದರೆ ಒಂದೇ ದಾರಿಯಲ್ಲಿ. ಎರಡು ಮನೆತನಕ್ಕೆ ಮೂಲ ಒಂದೇ ಎಂದು ಅದು ಹೇಳಬಲ್ಲದು. ಯಾವ ಊರು, ಯಾವ ವರ್ಷ, ಯಾರ ಹೆಂಡತಿ ಎಂದು ಹೇಳಲಾರದು.

ಕಾಗದವೂ ಎಲ್ಲ ಕಡೆ ಉಳಿದಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಎಷ್ಟೋ ಕೌಂಟಿಗಳು ಸುರಕ್ಷಿತವಾಗಿರಲಿ ಅಂತ ಕಡತಗಳನ್ನು ರಿಚ್ಮಂಡಿಗೆ ಕಳಿಸಿದ್ದವು. 1865ರ ಎಪ್ರಿಲ್ ಬೆಂಕಿಯಲ್ಲಿ ಅವು ಅಲ್ಲೇ ಸುಟ್ಟುಹೋದವು. ನಾರ್ತಾಂಪ್ಟನ್ ಕಡತಗಳು ಮಾತ್ರ 1632ರಿಂದ ಕೊಂಡಿ ಕಳಚದೆ ಈಸ್ಟ್‌ವಿಲ್ ಊರಿನ ಕೋರ್ಟಿನಲ್ಲಿ ಉಳಿದಿವೆ. ಜಾನ್ಸನ್ ಕುಟುಂಬ ನಮಗೆ ಇಷ್ಟು ಸ್ಪಷ್ಟವಾಗಿ ಕಾಣುವುದು ಅದರಿಂದ. 1657ರಲ್ಲಿ ಮೂಲನಿವಾಸಿ ನಾಯಕನೊಬ್ಬ ಜೋನ್ ಎಂಬುವಳಿಗೆ 100 ಎಕರೆ ಬರೆದುಕೊಟ್ಟ ದಾನಪತ್ರ ಅಲ್ಲಿದೆ. ಆಂಟನಿ ಜಾನ್ಸನ್‌ನ ಮಗಳು ಎಂದು ಅದರಲ್ಲಿ ಬರೆದಿದೆ. ಕಂದಾಯದ ಆದೇಶದಲ್ಲಿ ಬರೀ 'ಹೆಣ್ಣುಮಕ್ಕಳು' ಎಂದಿದ್ದವರಲ್ಲಿ ಒಬ್ಬಳಿಗೆ ಹೀಗೆ ಹೆಸರು ಸಿಕ್ಕಿತು.

ಆಂಟನಿಯ ಸ್ವಂತ ಜಮೀನು 250 ಎಕರೆ. 1651ರಲ್ಲಿ, ವಸಾಹತಿಗೆ ಒಬ್ಬರನ್ನು ಕರೆತಂದರೆ 50 ಎಕರೆ ಎಂಬ ಲೆಕ್ಕದಲ್ಲಿ ಐದು ತಲೆಗೆ ಸಿಕ್ಕಿದ್ದು. 1665ರಲ್ಲಿ ಅದರಲ್ಲಿ 200 ಎಕರೆ ಮಾರಿ, 50 ಎಕರೆ ಮಗ ರಿಚರ್ಡ್‌ಗೆ ಬಿಟ್ಟು, ಮನೆಯವರೊಂದಿಗೆ ಮೇರಿಲ್ಯಾಂಡಿನ ಸಾಮರ್ಸೆಟ್ ಕೌಂಟಿಗೆ ಹೋದ. 1670ರ ಆಗಸ್ಟಿನ ಹೊತ್ತಿಗೆ ಅವನು ತೀರಿಕೊಂಡಿದ್ದ. ಆಗ ವರ್ಜೀನಿಯಾದ ಬಿಳಿಯ ಜ್ಯೂರಿ ಒಂದು ತೀರ್ಮಾನ ಕೊಟ್ಟಿತು: ಅವನು ನೀಗ್ರೊ, ಆದ್ದರಿಂದ ಪರದೇಶಿ, ಅವನ ಜಮೀನನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಹತ್ತೊಂಬತ್ತು ವರ್ಷ ಹಿಂದೆ ಅದೇ ಸರ್ಕಾರ ಪಟ್ಟಾ ಕೊಟ್ಟ ಜಮೀನು ಅದು.

ಮೇರಿ ಇನ್ನೂ ಬದುಕಿದ್ದಳು. 1672ರಲ್ಲಿ ಮೂವರು ಮೊಮ್ಮಕ್ಕಳಿಗೆ ಹಸುಗಳನ್ನು ಬರೆದುಕೊಟ್ಟಳು. ಜಮೀನು ಕಿತ್ತುಕೊಳ್ಳಬಹುದು, ಹಸು ಕರು ಹಾಕುತ್ತಾ ಹೋಗುತ್ತದೆ ಅಲ್ವಾ? ವಂಶ ಹುಡುಕುವವರಿಗೆ ಆ ಕಾಗದ ಮೂರನೇ ತಲೆಮಾರಿನ ಬಾಗಿಲು.

ಮೇರಿಲ್ಯಾಂಡಿನಲ್ಲಿ ಪ್ರತಿ ಜಮೀನಿಗೂ ಒಂದು ಹೆಸರಿಡುವ ರೂಢಿ ಇತ್ತು. ಮಾಲೀಕ ಬದಲಾದರೂ ಹೆಸರು ಪತ್ರದಿಂದ ಪತ್ರಕ್ಕೆ ಬರುತ್ತದೆ. ಆದ್ದರಿಂದ ಮನುಷ್ಯರ ಜಾಡು ತಪ್ಪಿದಾಗ ಜಮೀನಿನ ಹೆಸರು ಹಿಡಿದು ಹುಡುಕುತ್ತಾರೆ. ಆಂಟನಿ ಗುತ್ತಿಗೆ ಹಿಡಿದ 300 ಎಕರೆಯ ಹೆಸರು 'ಟೋನೀಸ್ ವಿನ್ಯಾರ್ಡ್', ಟೋನಿಯ ದ್ರಾಕ್ಷಿತೋಟ. ಮೊಮ್ಮಗ ಜಾನ್ 1677ರಲ್ಲಿ 44 ಎಕರೆ ಕೊಂಡ. ಅವನು ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲೇ. ಆ ಜಮೀನಿಗೆ ಅವನು ಬರೆಸಿದ ಹೆಸರು 'ಅಂಗೋಲ'.