ಇದು ನಿಮ್ಮದೇ ಕಥೆನಾ ಮೇಡಂ?

ಓದುಗರ ಪ್ರಶ್ನೆ: "ಮೇಡಂ, ನಿಮ್ಮ ಕಥೆಗಳು ಕಣ್ಣೆದುರೇ ನಡೆದ ಹಾಗಿರುತ್ತವೆ. ಸ್ವಂತ ಅನುಭವ ಇಲ್ಲದೆ ಪ್ರೀತಿ ಬಗ್ಗೆ ಹೀಗೆ ಬರೆಯೋಕಾಗುತ್ತಾ? ಕಥೆ ಶುರು ಮಾಡೋದು ಎಲ್ಲಿಂದ?"

ಎರಡನೇ ಪ್ರಶ್ನೆಗೆ ಉತ್ತರ ಮೊದಲು ಹೇಳಿಬಿಡುತ್ತೇನೆ. ಅಡ್ಡಿಯಿಂದ. ಈ ಇಬ್ಬರು ಯಾಕೆ ಸುಲಭವಾಗಿ ಒಂದಾಗುವ ಹಾಗಿಲ್ಲ ಅನ್ನೋದು ಸಿಗುವ ತನಕ ಅವರಿಗೆ ಹೆಸರಿಲ್ಲ, ಮುಖವಿಲ್ಲ, ಕೆಲಸವೂ ಇಲ್ಲ. ಅಡ್ಡಿ ಸಿಕ್ಕಿದರೆ ಉಳಿದದ್ದು ಕೂತು ಬರೆಯುವ ಕೆಲಸ. ಅದನ್ನು ಆಮೇಲೆ ಬಿಡಿಸಿ ಹೇಳುತ್ತೇನೆ.

ಮೊದಲನೇ ಪ್ರಶ್ನೆ ಇದೆಯಲ್ಲ, ಅದಕ್ಕೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಗಾಂಧಿಬಜಾರಿನಲ್ಲಿ ಸೊಪ್ಪು ಆರಿಸುವಾಗ ಕೇಳಿದ್ದಾರೆ, ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳಿದ್ದಾರೆ, ಪುಸ್ತಕ ಬಿಡುಗಡೆಯಲ್ಲಿ ಮೈಕ್ ಇಸಿದುಕೊಂಡು ಕೇಳಿದ್ದಾರೆ. ಕೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಕಣ್ಣು ಮೆಲ್ಲಗೆ ನಮ್ಮ ಯಜಮಾನರ ಕಡೆ ಹೋಗುತ್ತದೆ. ಅವರು ಪಾಪ, ಕಾಫಿ ಲೋಟ ಹಿಡಿದುಕೊಂಡು ಆ ಕಡೆ ಸರಿಯುತ್ತಾರೆ. ಅವರು ನನ್ನ ಯಾವ ಕಥೆಯ ನಾಯಕನೂ ಅಲ್ಲ ಅಂತ ಇಲ್ಲೇ ಸ್ಪಷ್ಟ ಮಾಡುತ್ತೇನೆ. ಕೊಟ್ಟ ಸಾಲ ವಾಪಸ್ ಕೇಳೋಕೂ ನಾಚಿಕೊಳ್ಳುವ ಗಂಡಸನ್ನು ನಾಯಕ ಮಾಡಿದರೆ ಮೂರನೇ ಕಂತಿಗೇ ನೀವೆಲ್ಲ ಓಡಿಹೋಗುತ್ತೀರಿ.

ಒಂದು ವಿಷಯ ಗಮನಿಸಿದ್ದೇನೆ. ಕಥೆಯಲ್ಲಿ ಮುತ್ತಿನ ದೃಶ್ಯ ಬಂದ ವಾರ ಈ ಪ್ರಶ್ನೆ ಜಾಸ್ತಿ. ನಾಯಕಿ ಮನೆ ಓನರ್ ಜತೆ ಅಡ್ವಾನ್ಸ್ ವಾಪಸಿಗೆ ಜಗಳ ಆಡಿದ ವಾರ ಒಬ್ಬರೂ ಕೇಳುವುದಿಲ್ಲ. ಸ್ವಾಮಿ, ನನ್ನ ಸ್ವಂತ ಅನುಭವ ಇರೋದೇ ಅಲ್ಲಿ! ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಇಸಿದುಕೊಂಡು, ನಾವು ಮನೆ ಬಿಡುವಾಗ ಪೇಂಟಿಂಗ್ ಖರ್ಚು ಅಂತ ಒಂದು ತಿಂಗಳದ್ದು ಮುರಿದುಕೊಂಡು, ಸಾಲದು ಅಂತ ಗೋಡೆಯ ಮೊಳೆ ತೂತುಗಳನ್ನು ಬೆರಳಲ್ಲಿ ಎಣಿಸಿದ ಮನುಷ್ಯನ ಮಾತನ್ನು ಹೆಚ್ಚು ಕಡಿಮೆ ಹಾಗೇ ಇಳಿಸಿದ್ದೇನೆ. ಅದನ್ನು ಓದಿ "ಏನು ಕಲ್ಪನೆ ಮೇಡಂ" ಅಂದರು. ಮುತ್ತನ್ನು ಓದಿ "ಏನು ಅನುಭವ ಮೇಡಂ" ಅಂದರು. ಎರಡೂ ತಿರುಗುಮುರುಗು.

ಹಾಗಾದರೆ ನಾನು ಬರೆದ ಪ್ರೀತಿ ಸುಳ್ಳಾ? ಅಲ್ಲ. ಇಲ್ಲೇ ಎಲ್ಲರೂ ಎಡವೋದು. ಅನುಭವ ಬೇಕು, ಆದರೆ ಅದು ಪ್ರೀತಿಯ ಅನುಭವವೇ ಆಗಿರಬೇಕು ಅಂತ ಏನಿಲ್ಲ. ನಾಯಕಿ ಒಂದು ಮೆಸೇಜಿಗೆ ರಾತ್ರಿಯಿಡೀ ಕಾಯುವ ಅಧ್ಯಾಯ ಒಂದಿತ್ತು. ಫೋನು ತಿರುಗಿಸಿ ಇಡುತ್ತಾಳೆ, ಮತ್ತೆ ಎತ್ತುತ್ತಾಳೆ, ಪಕ್ಕದಲ್ಲಿ ಯಾರದೋ ಫೋನು ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತದೆ. "ಇದು ಅನುಭವಿಸದೆ ಬರೆಯೋಕೆ ಸಾಧ್ಯವೇ ಇಲ್ಲ" ಅಂತ ತುಂಬಾ ಜನ ಹೇಳಿದರು. ನಿಜ, ಅನುಭವಿಸಿದ್ದೇನೆ. ಅಮ್ಮನ ಸ್ಕ್ಯಾನಿಂಗ್ ರಿಪೋರ್ಟಿಗೆ ಆಸ್ಪತ್ರೆ ಕಾರಿಡಾರಿನಲ್ಲಿ ಕೂತಿದ್ದಾಗ. ಆ ಕುರ್ಚಿ ತೆಗೆದು ಪಿಜಿಯ ಮಂಚ ಹಾಕಿದೆ, ರಿಪೋರ್ಟ್ ತೆಗೆದು ನೀಲಿ ಟಿಕ್ ಹಾಕಿದೆ. ಹೊಟ್ಟೆಯೊಳಗಿನ ಸಂಕಟ ಅದೇ.

ಹಾಗೇ ಅಸೂಯೆ. ನಾಯಕ ಇನ್ನೊಬ್ಬಳ ಜತೆ ನಗುವುದನ್ನು ನಾಯಕಿ ದೂರದಿಂದ ನೋಡುವ ದೃಶ್ಯ ಓದಿ ನನ್ನ ಸಂಸಾರದ ಬಗ್ಗೆ ಚಿಂತೆ ಮಾಡಿದವರಿದ್ದಾರೆ. ಅದು ಬಂದದ್ದು ನಾನು ಕಳಿಸಿದ ಕಾದಂಬರಿ ಬಿಟ್ಟು ಬೇರೆಯವರ ಧಾರಾವಾಹಿ ಒಂದು ವಾರಪತ್ರಿಕೆಯ ಮುಖಪುಟದಲ್ಲಿ ಪ್ರಕಟಣೆಯಾದ ದಿನ. ಆ ದಿನದ ಉರಿಯನ್ನು ನಾಯಕಿಗೆ ಕೊಟ್ಟೆ, ಚೆನ್ನಾಗಿ ಉಪಯೋಗಕ್ಕೆ ಬಂತು.

ಇನ್ನು ನಿಜವಾದ ಲವ್ ಸ್ಟೋರಿ ಕಥೆಗೆ ಎಷ್ಟು ಬರುತ್ತದೆ ಅಂತ ನೋಡೋಣ. ನಮ್ಮ ಅಕ್ಕನ ಮಗಳದ್ದೇ ತಗೊಳ್ಳಿ. ಇಬ್ಬರಿಗೂ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ, ಆಫೀಸ್ ಕ್ಯಾಬಿನಲ್ಲಿ ಪರಿಚಯ. ಮನೆಯಲ್ಲಿ ಹೇಳಿದರು. ಅಕ್ಕ ಎರಡು ದಿನ ಅತ್ತಳು. ಮೂರನೇ ದಿನ ಛತ್ರ ಯಾವುದು ಅನ್ನೋ ಚರ್ಚೆ ಶುರು. ಇಬ್ಬರೂ ಸುಖವಾಗಿದ್ದಾರೆ, ನನಗೂ ಸಂತೋಷ. ಆದರೆ ಇದನ್ನು ನಲವತ್ತು ಕಂತು ಎಳೆಯೋಕೆ ಸಾಧ್ಯವಾ? ಒಂದೇ ಕಂತಿಗೂ ಸಾಲದು. ನಮ್ಮದಂತೂ ಜಾತಕ ಕೂಡಿ, ಉಪ್ಪಿಟ್ಟು ಕೇಸರಿಬಾತ್ ತಿಂದು, ಫೋನಿನಲ್ಲಿ "ಒಪ್ಪಿಗೆ" ಅಂತ ಹೇಳಿ ಆದ ಮದುವೆ. ಪ್ರೀತಿ ಆಮೇಲೆ ನಿಧಾನಕ್ಕೆ ಬಂತು. ಅದರಲ್ಲಿ ಬರೆಯುವಂಥದ್ದು ಏನೂ ನಡೆಯಲಿಲ್ಲ, ಅದೇ ಅದರ ಒಳ್ಳೆಯತನ.

ಇಷ್ಟು ಹೇಳಿದರೂ ಒಪ್ಪದವರಿಗೆ ಹಳೇ ಉದಾಹರಣೆ. 1209ರ ಸುಮಾರಿಗೆ ಜನ್ನ ಯಶೋಧರ ಚರಿತೆ ಬರೆದ. ಅದರಲ್ಲಿ ರಾಣಿ ಅಮೃತಮತಿ ರಾತ್ರಿ ಹೊತ್ತು ಮಾವುತನ ಹಾಡು ಕೇಳುತ್ತಾಳೆ, ಮುಖ ನೋಡುವ ಮೊದಲೇ ದನಿಗೆ ಸೋಲುತ್ತಾಳೆ. ಅವನು ಕುರೂಪಿ ಅಂತ ಸಖಿ ಬಂದು ವರದಿ ಕೊಟ್ಟರೂ ಜಗ್ಗುವುದಿಲ್ಲ. ಒಂದು ಹೆಣ್ಣಿನ ಮನಸ್ಸು ಹಾಗೆ ಜಾರುವುದನ್ನು ಬರೆದವನು ಹೊಯ್ಸಳ ಆಸ್ಥಾನದ ಜೈನ ಕವಿ. ಅವನ ಉದ್ದೇಶ ಅಹಿಂಸೆಯ ಮಹತ್ವ ಹೇಳುವುದಾಗಿತ್ತು. ಎಂಟುನೂರು ವರ್ಷದಿಂದ ಓದುತ್ತಿದ್ದೇವೆ, "ಕವಿಗಳೇ, ನಿಮ್ಮ ಮನೆ ಪಕ್ಕ ಆನೆ ಲಾಯ ಇತ್ತಾ" ಅಂತ ಯಾರೂ ಕೇಳಲಿಲ್ಲ. ಇತ್ತೀಚಿನವರು ಬೇಕು ಅಂದರೆ, ಎಂ.ಕೆ. ಇಂದಿರಾ ಅವರ ಫಣಿಯಮ್ಮ ಬಾಲವಿಧವೆ. ಇಂದಿರಾ ಬಾಲವಿಧವೆಯಲ್ಲ. ಮನೆತನದಲ್ಲಿ ಕೇಳಿ ತಿಳಿದ ಬದುಕನ್ನು ಅವರು ಆ ಮಟ್ಟಕ್ಕೆ ಬರೆದರು. ಕಿವಿ ಚೆನ್ನಾಗಿದ್ದರೆ ಸಾಕು ಅನ್ನೋದಕ್ಕೆ ಇನ್ನೇನು ಬೇಕು?

ಅಂದಹಾಗೆ, ಇದೇ ಪ್ರಶ್ನೆ ಪ್ರೇಮಕವನ ಬರೆಯುವ ಗಂಡಸರಿಗೆ ಇಷ್ಟು ಸಲ ಬರುವುದನ್ನು ನಾನಂತೂ ನೋಡಿಲ್ಲ. ಅವರಿಗೆ ಶಾಲು ಬರುತ್ತದೆ. ಇರಲಿ.

ಇದರ ಇನ್ನೊಂದು ರೂಪ: "ಆ ಪಾತ್ರ ನಾನೇ ಅಲ್ವಾ?" ಚಾಮರಾಜಪೇಟೆಯ ನಮ್ಮ ಸೋದರತ್ತೆ ಒಬ್ಬರು ಒಂದು ಗಯ್ಯಾಳಿ ಅತ್ತೆ ಪಾತ್ರ ಓದಿ ಆರು ತಿಂಗಳು ನನ್ನ ಜತೆ ಮಾತು ಬಿಟ್ಟಿದ್ದರು. ಅವರ ಒಂದು ಗುಣವೂ ಅದರಲ್ಲಿರಲಿಲ್ಲ. ಯಾರಿಂದ ನಿಜವಾಗಿ ಎತ್ತಿದ್ದೆನೋ ಅವರು ಓದಿ, "ಇಂಥ ಜನಾನೂ ಇರ್ತಾರಾ?" ಅಂತ ನಕ್ಕರು.

ಸರಿ, ಈಗ ಕೆಲಸದ ವಿಷಯಕ್ಕೆ ಬರುತ್ತೇನೆ. ಅಡ್ಡಿ ಅಂದೆನಲ್ಲ, ಅದನ್ನು ಹುಡುಕೋದು ವರ್ಷ ವರ್ಷಕ್ಕೂ ಕಷ್ಟವಾಗುತ್ತಿದೆ. ಮೊದಲು ಪತ್ರ ಕಳೆದುಹೋದರೆ ಸಾಕಿತ್ತು, ಹತ್ತು ಅಧ್ಯಾಯ ನಡೆಯುತ್ತಿತ್ತು. ಈಗ ಲೊಕೇಶನ್ ಹಂಚಿಕೊಂಡು ಓಡಾಡುತ್ತಾರೆ. ತಪ್ಪು ತಿಳುವಳಿಕೆ ಅಂತ ಕಥೆ ಕಟ್ಟಿದರೆ "ಒಂದು ಕಾಲ್ ಮಾಡಿದ್ರೆ ಮುಗೀತಿತ್ತಲ್ಲಾ" ಅಂತ ನೀವೇ ಬೈಯುತ್ತೀರಿ. ಬೈದದ್ದು ಸರಿ. ಹಾಗಾಗಿ ಫೋನಿನಿಂದ ಬಗೆಹರಿಯದ ಅಡ್ಡಿಯೇ ಬೇಕು. ಜಾತಿ ಇನ್ನೂ ಗಟ್ಟಿಯಾಗಿದೆ. ಮನೆ ಲೋನ್ ಗಟ್ಟಿಯಾಗಿದೆ. ಅದಕ್ಕೂ ಮೀರಿ ನನಗೆ ತುಂಬಾ ಇಷ್ಟವಾದ ಅಡ್ಡಿ ಸಿಕ್ಕಿದ್ದು ಒಂದು ಕಾನೂನಿನಲ್ಲಿ.

1954ರ ವಿಶೇಷ ವಿವಾಹ ಕಾಯ್ದೆ. ಬೇರೆ ಬೇರೆ ಧರ್ಮದ ಇಬ್ಬರು, ಯಾರೂ ಮತ ಬದಲಿಸದೆ ಮದುವೆಯಾಗೋಕೆ ಹಿಡಿಯುವ ದಾರಿ ಇದು. ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸ ಮಾಡಿರಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸುತ್ತಾರೆ. ಆಕ್ಷೇಪಣೆ ಇದ್ದವರು ಸಲ್ಲಿಸಲಿ ಅಂತ 30 ದಿನ ಕಾಯಬೇಕು. ನೋಟಿಸ್ ಕೊಟ್ಟು ಮೂರು ತಿಂಗಳಾದರೂ ಮದುವೆ ಆಗದಿದ್ದರೆ ಅದು ರದ್ದು, ಮತ್ತೆ ಮೊದಲಿಂದ. ಮದುವೆ ದಿನ ಮೂವರು ಸಾಕ್ಷಿ ಬೇಕು. ನೋಡಿ, ಸರ್ಕಾರವೇ ಕೂತು ಕಾದಂಬರಿಗೆ ಗಡುವು ಹಾಕಿಕೊಟ್ಟಿದೆ.

ಅದರಲ್ಲೂ ಒಂದು ಅಂಶ ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಬ್ಬರಲ್ಲಿ ಯಾರಾದರೂ ಕಾಯಂ ಆಗಿ ಬೇರೆ ಜಿಲ್ಲೆಯವರಾಗಿದ್ದರೆ, ನೋಟಿಸಿನ ಪ್ರತಿ ಆ ಜಿಲ್ಲೆಯ ವಿವಾಹ ಅಧಿಕಾರಿಗೂ ಹೋಗುತ್ತದೆ, ಅಲ್ಲೂ ಅಂಟುತ್ತದೆ. ನಾಯಕಿ ಬೆಂಗಳೂರಿನ ಪಿಜಿಯಲ್ಲಿದ್ದಾಳೆ, ಊರು ಹಾಸನ. ಇಲ್ಲಿ ಯಾರಿಗೂ ಗೊತ್ತಾಗಲ್ಲ ಅಂತ ಧೈರ್ಯವಾಗಿ ಸಹಿ ಹಾಕುತ್ತಾಳೆ. ಅಲ್ಲಿ ಜಮೀನಿನ ನೋಂದಣಿಗೆ ಅಂತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದ ಚಿಕ್ಕಪ್ಪ, ಸರ್ವರ್ ಡೌನ್ ಆಗಿದೆ ಅಂತ ಸುಮ್ನೆ ನಿಂತು ನೋಟಿಸ್ ಅಂಟಿಸಿದ ಬೋರ್ಡು ಓದುತ್ತಾರೆ. ಇಷ್ಟು ಸಿಕ್ಕಮೇಲೆ ನಾನು ಯಾವ ಸ್ಫೂರ್ತಿಗೂ ಕಾಯಬೇಕಾಗಿಲ್ಲ. ಇದಕ್ಕೆ ಬೇಕಾದದ್ದು ಕಾಯ್ದೆಯ ಪ್ರತಿ ಮತ್ತು ಒಬ್ಬ ತಾಳ್ಮೆಯಿರುವ ವಕೀಲರು. ಪ್ರೇಮಾನುಭವ ಅಲ್ಲ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಎರಡನೇ ಕೆಲಸ, ಇಬ್ಬರ ತಿಂಗಳ ಖರ್ಚು ಬರೆಯುವುದು. ಸಂಬಳ, ಬಾಡಿಗೆ, ಊರಿಗೆ ಕಳಿಸುವ ದುಡ್ಡು. ಇದು ಕಥೆಯಲ್ಲಿ ಬರುವುದಿಲ್ಲ, ಆದರೆ ಯಾರು ಯಾವಾಗ ಆಟೋ ಹತ್ತುತ್ತಾರೆ, ಯಾರು ಬಸ್ಸಿಗೆ ಕಾಯುತ್ತಾರೆ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ. ಮಾತುಕತೆ ಬರೆದ ಮೇಲೆ ಜೋರಾಗಿ ಓದುತ್ತೇನೆ. ಮನೆ ಕೆಲಸಕ್ಕೆ ಬರುವ ಲಕ್ಷ್ಮಮ್ಮ ಮೊದಮೊದಲು ಹೆದರಿದ್ದರು, ಈಗ "ಆ ಹುಡುಗ ಹಂಗೆ ಅನ್ನಕಿಲ್ಲ ಬಿಡಕ್ಕ" ಅಂತ ತಿದ್ದುತ್ತಾರೆ. ಸಾಮಾನ್ಯವಾಗಿ ಅವರು ಹೇಳಿದ್ದೇ ಸರಿ. ಕಂತು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಸುಧಾ, ತರಂಗದ ಧಾರಾವಾಹಿಗಳನ್ನು ಓದಿ ಕಲಿತದ್ದು. ಪ್ರತಿಲಿಪಿ ಅನ್ನೋ ಕಥೆಗಳ ಆ್ಯಪ್‌ನಲ್ಲಿ ಬರೆಯುವ ಈಗಿನ ಹುಡುಗಿಯರು ಓದುಗರ ಬೈಗುಳದಿಂದಲೇ ಅದನ್ನು ಬೇಗ ಕಲಿಯುತ್ತಾರೆ. ಮತ್ತೆ ಟೈಪಿಂಗ್. ಮೊಬೈಲಿಗೆ ಯೂನಿಕೋಡ್ ಬೇಕು, ಪ್ರೆಸ್ಸಿನವರು ಇನ್ನೂ ಹಳೇ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಕೊಡಿ ಅನ್ನುತ್ತಾರೆ, ಬದಲಾಯಿಸುವಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಮತ್ತೆ ಕೂತು ತಿದ್ದಬೇಕು. ಪ್ರೇಮಕಥೆಗಾರ್ತಿಯ ಬದುಕಿನಲ್ಲಿ ಗುಲಾಬಿಗಿಂತ ಒತ್ತಕ್ಷರ ಜಾಸ್ತಿ.

ಇದೆಲ್ಲದರ ಮಧ್ಯೆ ಯಾರೂ ಕೇಳದ, ಆದರೆ ನನ್ನ ತಲೆ ತುಂಬಾ ತಿನ್ನುವ ಪ್ರಶ್ನೆ ಒಂದಿದೆ. ಈ ಊರಲ್ಲಿ ಇಬ್ಬರು ಎಲ್ಲಿ ಕೂತು ಮಾತಾಡಬೇಕು?

ಲಾಲ್‌ಬಾಗ್ ಅಂತ ಎಲ್ಲರೂ ಥಟ್ಟನೆ ಹೇಳುತ್ತಾರೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತೆ, ಅಷ್ಟು ವರ್ಷದಲ್ಲಿ ಎಷ್ಟು ಜೋಡಿಗಳ ಮಾತು ಕೇಳಿದೆಯೋ ಅಂತ ಬರೆಯೋಕೆ ಚೆನ್ನಾಗಿರುತ್ತದೆ. ಆದರೆ ಬೆಳಿಗ್ಗೆ ವಾಕಿಂಗಿಗೆ ನಿಮ್ಮ ದೊಡ್ಡಪ್ಪ ಅಲ್ಲೇ ಇರುತ್ತಾರೆ, ಸಂಜೆ ಗಾರ್ಡು ಸೀಟಿ ಊದಿಕೊಂಡು ಬರುತ್ತಾರೆ, ಆಗಸ್ಟ್ 15 ಮತ್ತು ಜನವರಿ 26ರ ಫ್ಲವರ್ ಶೋ ಸಮಯದಲ್ಲಂತೂ ಕಾಲಿಡೋಕೆ ಜಾಗ ಇಲ್ಲ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಚಾಪೆ ಹಾಸಿಕೊಂಡು ಮೌನವಾಗಿ ಪುಸ್ತಕ ಓದುವ ಗುಂಪು ಸೇರುತ್ತದೆ. ಮೊದಲ ನೋಟಕ್ಕೆ ಒಳ್ಳೆ ಜಾಗ, ಮಾತಾಡೋಕೆ ಅಲ್ಲ. ನಿಂತು ತಿನ್ನುವ ದರ್ಶಿನಿ ಹೋಟೆಲಿನಲ್ಲಿ ಪ್ರೀತಿ ಹೇಳಿಕೊಳ್ಳೋಕೆ ಆಗುವುದೇ ಇಲ್ಲ. "ಜರಗಿ ಸಾರ್" ಅಂತ ಯಾರೋ ಮಧ್ಯೆ ತಟ್ಟೆ ಇಡುತ್ತಾರೆ. ಜಗಳಕ್ಕೆ ಮಾತ್ರ ದರ್ಶಿನಿ ಅತ್ಯುತ್ತಮ, ಯಾಕೆಂದರೆ ಇಬ್ಬರೂ ದನಿ ಏರಿಸುವ ಹಾಗಿಲ್ಲ.

2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಮೆಟ್ರೋ ಹಳದಿ ಮಾರ್ಗ ಶುರುವಾಯಿತಲ್ಲ, ಆಗ ರೈಲುಗಳೇ ಕಡಿಮೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಸುಮಾರು 25 ನಿಮಿಷ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರೆಲ್ಲ ಶಾಪ ಹಾಕುತ್ತಿದ್ದರು, ನಾನೊಬ್ಬಳೇ ಖುಷಿಯಾಗಿದ್ದೆ. ಇಪ್ಪತ್ತೈದು ನಿಮಿಷ, ಪ್ಲಾಟ್‌ಫಾರ್ಮು, ಮೇಲೆ ಸೂರು, ಎಬ್ಬಿಸುವವರಿಲ್ಲ! ಒಂದು ರೈಲನ್ನು ಬೇಕಂತಲೇ ಬಿಟ್ಟರೆ ಅದೇ ಪ್ರೀತಿಯ ಒಪ್ಪಿಗೆ, ಬೇರೆ ಡೈಲಾಗೇ ಬೇಡ. ಆಮೇಲೆ ಹೊಸ ರೈಲುಗಳು ಬಂದವು, ಅಂತರ ಕಡಿಮೆಯಾಯಿತು. ಊರಿಗೆ ಒಳ್ಳೆಯದಾಯಿತು, ನನ್ನ ಜೋಡಿ ಮಾತ್ರ ಬೀದಿಗೆ ಬಿತ್ತು.

ಬಿಎಂಟಿಸಿ ಬಸ್ಸು ಇನ್ನೊಂದು ತೊಂದರೆ. ಮೊದಲು ಹುಡುಗ "ಎರಡು ಸಿಲ್ಕ್ ಬೋರ್ಡ್" ಅಂತ ಟಿಕೆಟ್ ತಗೊಂಡರೆ ನಾಯಕಿಗೂ ಓದುಗರಿಗೂ ಅರ್ಥವಾಗುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಅವಳು ಆಧಾರ್ ತೋರಿಸುತ್ತಾಳೆ, ಶೂನ್ಯ ಟಿಕೆಟ್ ಬರುತ್ತದೆ, ಇವನು ತನ್ನದೊಂದು ತಗೊಂಡು ಸುಮ್ನೆ ನಿಲ್ಲಬೇಕು. ಹೆಂಗಸರಿಗೆ ಬಹಳ ಅನುಕೂಲ, ನಾನೂ ಅದರಲ್ಲೇ ಓಡಾಡುತ್ತೇನೆ. ಆದರೆ ಒಂದು ಒಳ್ಳೆ ದೃಶ್ಯ ಕೈತಪ್ಪಿತು. ಹಾಗಾಗಿ ಈಗ ಬರೆಯುತ್ತಿರುವ ಕಥೆಯಲ್ಲಿ ಇಬ್ಬರನ್ನೂ ಏರ್‌ಪೋರ್ಟಿಗೆ ಹೋಗುವ ವಾಯುವಜ್ರ ಹತ್ತಿಸಿದ್ದೇನೆ. ವಿಮಾನದಲ್ಲಿ ಬರುತ್ತಿರುವುದು ಅವನ ಅಮ್ಮ, ಇವರು ಕರೆತರೋಕೆ ಹೊರಟವರು. ಅಕ್ಕಪಕ್ಕ ಸೀಟು, ಏಸಿ, ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆ. ಮುಖ್ಯವಾಗಿ ವಾಯುವಜ್ರಕ್ಕೆ ಶಕ್ತಿ ಅನ್ವಯಿಸುವುದಿಲ್ಲ, ಟಿಕೆಟ್ಟೂ ದುಬಾರಿ. ಯಾರು ದುಡ್ಡು ಕೊಡಬೇಕು ಅನ್ನೋ ಜಗಳ ಹೆಬ್ಬಾಳದವರೆಗೆ ಎಳೆಯಬಹುದು ಅನ್ನಿಸುತ್ತಿದೆ. ಲಕ್ಷ್ಮಮ್ಮನ ಪ್ರಕಾರ ಮೇಖ್ರಿ ಸರ್ಕಲ್ಲಿಗೇ ಮುಗಿಸಬೇಕು.