ಪಾಪಾಸುಕಳ್ಳಿಯೊಳಗಿನ ನೀಲಿ ಹುಳ

ಕಡೂರು, ಅರಸೀಕೆರೆ ಕಡೆಯ ಹೊಲದ ಬದುಗಳಲ್ಲಿ ಕಾಣುವ ಪಾಪಾಸುಕಳ್ಳಿ ನಮ್ಮದೇ ಗಿಡ ಅನ್ನಿಸುತ್ತದೆ, ಅಲ್ವಾ? ಆದರೆ ಅದರ ತವರು ಅಮೆರಿಕ ಖಂಡ. ಅಲ್ಲಿ ಅದನ್ನೇ ನಂಬಿ ಬದುಕುವ ಪತಂಗಗಳಿವೆ. ಉತ್ತರ ಅಮೆರಿಕದ ಮೆಲಿಟಾರ ಅಂಥದ್ದೊಂದು ಪುಟ್ಟ ಕುಲ. ಅದರಲ್ಲಿ ಹತ್ತು ಪ್ರಭೇದಗಳೂ ಇಲ್ಲ.

ಇವು ಮೂತಿ ಪತಂಗಗಳು. ಬಾಯಿಯ ಪಕ್ಕದ ಅಂಗಗಳು ಮುಂದಕ್ಕೆ ಚಾಚಿ ಮೂತಿ ಇದ್ದಂತೆ ಕಾಣುತ್ತವೆ. ಅಕ್ಕಿ, ರಾಗಿಯಲ್ಲಿ ಬಲೆ ಕಟ್ಟುವ ಹುಳುವಿನ ಪತಂಗವೂ ಇದೇ ಕುಟುಂಬದ್ದು.

ಬೂದು ಬಣ್ಣದ ಹೆಣ್ಣು ಮೆಲಿಟಾರ ಮೊಟ್ಟೆಗಳನ್ನು ಒಂದರ ಮೇಲೊಂದು ಅಂಟಿಸಿ ಕಡ್ಡಿ ಮಾಡುತ್ತದೆ. ದೂರದಿಂದ ನೋಡಿದರೆ ಅದೂ ಕಳ್ಳಿಯ ಇನ್ನೊಂದು ಮುಳ್ಳೇ! ಕಳ್ಳಿಯನ್ನು ಕೊರೆಯುವುದು ಸುಲಭವಲ್ಲ. ಗಾಯವಾದ ಕೂಡಲೇ ಲೋಳೆ ಉಕ್ಕುತ್ತದೆ, ಎಳೆ ಹುಳು ಅದರಲ್ಲೇ ಸಿಕ್ಕಿಬೀಳಬಹುದು. ಒಂಟಿಯಾಗಿ ಹೋದರೆ ಕೆಲಸ ಕೆಡುತ್ತದೆ. ಹಾಗಾಗಿ ಮರಿಗಳು ಗುಂಪಾಗಿ ಕೊರೆದು ಒಳಗೆ ಸೇರುತ್ತವೆ. ಚಪ್ಪಟೆ ಕಾಂಡದ ತಿರುಳು ತಿಂದು ನೀಲಿ ಬಣ್ಣಕ್ಕೆ ತಿರುಗುತ್ತವೆ. ಒಳಗೆ ಕೊಳೆತು ಕಾಂಡ ಟೊಳ್ಳಾಗುತ್ತದೆ. ಆದರೂ ಕಳ್ಳಿ ಅಲ್ಲಿ ನಾಶವಾಗಿಲ್ಲ. ಈ ಹುಳುಗಳನ್ನೇ ತಿಂದು ಬೆಳೆಯುವ ಪರಜೀವಿ ಕಣಜ, ನೊಣಗಳೂ ಅಲ್ಲೇ ಇವೆ. ನನಗೆ ಇಲ್ಲಿ ಹುಳುವಿನಷ್ಟೇ ಮುಖ್ಯವಾಗಿ ಕಾಣುವುದು ಈ ಸಮತೋಲನ.

ಅದೇ ಗುಂಪಿನ ದಕ್ಷಿಣ ಅಮೆರಿಕದ ಪತಂಗ ಕ್ಯಾಕ್ಟೊಬ್ಲಾಸ್ಟಿಸ್. ಆಸ್ಟ್ರೇಲಿಯಾದಲ್ಲಿ ಕಳ್ಳಿ ಕೋಟ್ಯಂತರ ಎಕರೆ ನುಂಗಿದ್ದಾಗ 1925ರಲ್ಲಿ ಅರ್ಜೆಂಟೀನಾದಿಂದ ಅದರ ಮೊಟ್ಟೆ ತಂದರು. ಕೆಲವೇ ವರ್ಷಗಳಲ್ಲಿ ಬಹುಪಾಲು ಕಳ್ಳಿ ಸತ್ತಿತು. ದಕ್ಷಿಣ ಭಾರತದಲ್ಲಿ ಆ ಕೆಲಸ ಮಾಡಿದ್ದು ಪತಂಗವಲ್ಲ, 1926ರಲ್ಲಿ ಶ್ರೀಲಂಕಾದಿಂದ ತಂದ ಕೊಚಿನೀಲ್ ಕೀಟ. ಕಳ್ಳಿಯ ಮೇಲೆ ಬಿಳಿ ಹತ್ತಿ ಮೆತ್ತಿದಂತೆ ಕಂಡರೆ ಅದೇ ಇರಬಹುದು, ಸ್ವಲ್ಪ ಒತ್ತಿ ನೋಡಿ, ಬೆರಳು ಕೆಂಪಾಗುತ್ತದೆ.

ಆಸ್ಟ್ರೇಲಿಯಾದ ಗೆಲುವು ನೋಡಿ ಕೆರಿಬಿಯನ್ ದ್ವೀಪಗಳಿಗೂ ಕ್ಯಾಕ್ಟೊಬ್ಲಾಸ್ಟಿಸ್ ಒಯ್ದರು. ತಪ್ಪಾಗಿದ್ದು ಅಲ್ಲಿ ಅಂತ ನನ್ನ ಅಭಿಪ್ರಾಯ. ಕಳ್ಳಿಯ ತವರು ಪಕ್ಕದಲ್ಲೇ ಇತ್ತು. 1989ರಲ್ಲಿ ಅದು ಫ್ಲಾರಿಡಾದಲ್ಲಿ ಸಿಕ್ಕಿತು. ಈಗ ಅಲ್ಲಿನ ಅಪರೂಪದ ಕಳ್ಳಿಗಳಿಗೂ ಅದರಿಂದ ಅಪಾಯ. ಅಲ್ಲಿ ಕಳ್ಳಿ ಸೀಳಿ ನೋಡುವವರು ಮೊದಲು ಬಣ್ಣ ಗಮನಿಸಬೇಕು. ಕಿತ್ತಳೆ ಮೈಮೇಲೆ ಕಪ್ಪು ಪಟ್ಟಿಗಳಿದ್ದರೆ ಅದು ಹೊರಗಿನಿಂದ ಬಂದ ಹುಳು, ತೆಗೆಯಬೇಕು. ನೀಲಿಯಾಗಿದ್ದರೆ ಮೆಲಿಟಾರ, ಅದನ್ನು ಅದರ ಪಾಡಿಗೆ ಬಿಡಬೇಕು.